ಲವ್ ಅನ್ನಬೇಕಾ, ಚಾರಿಟಿ ಅನ್ನಬೇಕಾ? ಬೈಬಲಿನ ಒಂದು ಪದಕ್ಕಾಗಿ ನಡೆದ ಜಗಳ

ಇವತ್ತಿನ ಕಥೆಯಲ್ಲಿ ರಾಜ ಇದ್ದಾನೆ, ಬಟ್ಟೆ ಮೂಟೆಯಲ್ಲಿ ಪುಸ್ತಕ ಕಳ್ಳಸಾಗಣೆ ಇದೆ, ವಿಶ್ವಾಸದ್ರೋಹ ಇದೆ, ಎರಡು ಮರಣದಂಡನೆ ಇದೆ. ಆದರೆ ಇದರ ನಾಯಕ ಒಂದು ಪದ. ಪ್ರೀತಿ.

ಕ್ರೈಸ್ತ ಗೆಳೆಯರ ಮದುವೆಗೆ ಹೋಗಿದ್ದರೆ ಚರ್ಚಿನಲ್ಲಿ ಬೈಬಲಿನ ಒಂದು ಭಾಗ ಓದೋದನ್ನ ನೀವು ಕೇಳಿರಬಹುದು. ಪ್ರೀತಿ ಅಂದ್ರೆ ತಾಳ್ಮೆ, ದಯೆ, ಹೊಟ್ಟೆಕಿಚ್ಚು ಪಡದೇ ಇರೋದು ಅಂತ ಒಂದೊಂದಾಗಿ ಹೇಳ್ತಾ ಹೋಗೋ ಭಾಗ ಅದು. ಮದುವೆ ಕಾರ್ಡಿನ ಮೇಲೆ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಕೂಡ ಕಾಣಿಸುತ್ತೆ. ಕೇಳಿದವರಿಗೆ ಇದು ವಧು-ವರರಿಗಾಗಿಯೇ ಬರೆದದ್ದು ಅನ್ನಿಸೋದು ಸಹಜ. ಆದರೆ ಅದನ್ನ ಬರೆದಾಗ ಅಲ್ಲಿ ಮದುವೆಯೂ ಇರಲಿಲ್ಲ, ಸಂಭ್ರಮವೂ ಇರಲಿಲ್ಲ. ಇದ್ದದ್ದು ಜಗಳ.

ಕ್ರಿ.ಶ. 55ರ ಆಸುಪಾಸು. ಗ್ರೀಸ್ ದೇಶದ ಕೊರಿಂಥ ಅನ್ನೋ ವ್ಯಾಪಾರದ ಊರು. ಅಲ್ಲಿ ಕ್ರಿಸ್ತನನ್ನು ನಂಬಿದವರ ಒಂದು ಸಣ್ಣ ಗುಂಪು. ಅದನ್ನ ಕಟ್ಟಿದವನು ಪೌಲ, ಈಗ ಅವನು ಬೇರೆ ಊರಿನಲ್ಲಿದ್ದಾನೆ. ಕೊರಿಂಥದಿಂದ ಬರ್ತಾ ಇರೋ ಸುದ್ದಿ ಚೆನ್ನಾಗಿಲ್ಲ. ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗ್ತಿದ್ದಾರೆ. ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಬೇಕಾದ ಪಂಕ್ತಿಯಲ್ಲಿ ಉಳ್ಳವರು ಮೊದಲೇ ತಿಂದು ಕುಡಿದು ಮತ್ತರಾಗ್ತಿದ್ದಾರೆ, ಇಲ್ಲದವರು ಹಸಿದುಕೊಂಡೇ ಇರ್ತಾರೆ. ಯಾರ ದೈವಿಕ ವರ ದೊಡ್ಡದು ಅನ್ನೋ ಪೈಪೋಟಿ ಬೇರೆ. ಪೌಲ ಒಂದು ಉದ್ದನೆಯ ಪತ್ರ ಬರೆದು ಎಲ್ಲರನ್ನೂ ತರಾಟೆಗೆ ತಗೋತಾನೆ. ಆ ಪತ್ರದ ನಡುವೆ ಬರೋದೇ ಈ ಪ್ರೀತಿಯ ಭಾಗ. ಹಾಗೆ ನೋಡಿದ್ರೆ ಅದು ಪ್ರೇಮಪತ್ರ ಅಲ್ಲ, ಒಂದು ಬೈಗುಳದ ಪತ್ರದ ಹೃದಯ. ನೀವು ಏನೇನು ಮಾಡ್ತಿಲ್ಲವೋ ಅದೇ ಪ್ರೀತಿ ಅಂತ ಅವರಿಗೆ ತೋರಿಸಿಕೊಡ್ತಾ ಇದ್ದಾನೆ.

ಆ ಭಾಗದಲ್ಲಿ ಪೌಲ ಒಂದು ವಿಚಿತ್ರ ಮಾತು ಹೇಳ್ತಾನೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಒಬ್ಬ ಮನುಷ್ಯ ತನ್ನ ಆಸ್ತಿಯನ್ನೆಲ್ಲ ಬಡವರಿಗೆ ಹಂಚಿಬಿಡಬಹುದು, ತನ್ನ ಮೈಯನ್ನೇ ಬೆಂಕಿಗೆ ಒಪ್ಪಿಸಬಹುದು, ಆದರೂ ಅವನಲ್ಲಿ ಪ್ರೀತಿ ಇಲ್ಲದಿದ್ದರೆ ಅದರಿಂದ ಏನೂ ಪ್ರಯೋಜನ ಇಲ್ಲ ಅನ್ನೋದು ಅದರ ತಾತ್ಪರ್ಯ. ಅಂದ್ರೆ ದಾನ ಬೇರೆ, ಪ್ರೀತಿ ಬೇರೆ. ತ್ಯಾಗ ಬೇರೆ, ಪ್ರೀತಿ ಬೇರೆ.

ಪೌಲ ಬಳಸಿದ ಗ್ರೀಕ್ ಪದ ‘ಅಗಾಪೆ’. ಗ್ರೀಕಿನಲ್ಲಿ ಪ್ರೀತಿಗೆ ಬೇರೆ ಪದಗಳೂ ಇದ್ದವು. ಕಾಮನೆ ತುಂಬಿದ ಪ್ರೇಮಕ್ಕೆ ‘ಎರೋಸ್’, ಸ್ನೇಹಕ್ಕೆ ‘ಫಿಲಿಯ’, ಮನೆಮಂದಿಯ ಅಕ್ಕರೆಗೆ ‘ಸ್ಟೋರ್ಗೆ’. ಅಗಾಪೆ ಅಂದ್ರೆ ದೇವರ ಪರಿಶುದ್ಧ ಪ್ರೀತಿ ಮಾತ್ರ ಅಂತ ಹೇಳೋ ರೀಲ್ಸ್ ನೀವು ನೋಡಿರ್ತೀರಿ. ಅಷ್ಟು ಸರಳ ಇಲ್ಲ. ಬೈಬಲಿನ ಹಳೆಯ ಒಡಂಬಡಿಕೆಯನ್ನ ಗ್ರೀಕಿಗೆ ಅನುವಾದ ಮಾಡಿದವರು ದಾವೀದನ ಮಗ ಅಮ್ನೋನ್ ತನ್ನ ಮಲತಂಗಿ ತಾಮಾರಳ ಮೇಲೆ ಇಟ್ಟ ಮೋಹಕ್ಕೂ ಇದೇ ಪದ ಬಳಸಿದ್ದಾರೆ. ಆ ಮೋಹ ಅತ್ಯಾಚಾರದಲ್ಲಿ ಕೊನೆಯಾಗುತ್ತೆ. ಅಂದ್ರೆ ಅಗಾಪೆ ಆಕಾಶದಿಂದ ಇಳಿದು ಬಂದ ಪದ ಅಲ್ಲ. ಕ್ರೈಸ್ತರಿಗಿಂತ ಮೊದಲೇ ಬಳಕೆಯಲ್ಲಿದ್ದ ಪದ. ಅದನ್ನ ಎತ್ತಿಕೊಂಡು ಅದರೊಳಗೆ ಹೊಸ ಅರ್ಥ ತುಂಬಿದವರು ಆರಂಭದ ಕ್ರೈಸ್ತರು.

ಆ ಹೊಸ ಅರ್ಥ ಏನು? ಯೇಸು ಹೇಳಿದ ಸಮಾರ್ಯದವನ ಕಥೆ ಅದನ್ನ ಚೆನ್ನಾಗಿ ತಿಳಿಸುತ್ತೆ. ನೆರೆಯವನನ್ನ ಪ್ರೀತಿಸಬೇಕು ಅನ್ನೋ ಆಜ್ಞೆ ಯಹೂದಿಗಳಿಗೆ ಹಳೆಯದು. ಒಬ್ಬ ಧರ್ಮಪಂಡಿತ ಯೇಸುವನ್ನ ಕೇಳ್ತಾನೆ, ಸರಿ, ನೆರೆಯವನು ಅಂದ್ರೆ ಯಾರು? ಎಲ್ಲಿವರೆಗೆ ಪ್ರೀತಿಸಿದ್ರೆ ಸಾಕು ಅನ್ನೋ ಲೆಕ್ಕಾಚಾರ ಅದು. ಯೇಸು ಕಥೆ ಹೇಳ್ತಾನೆ. ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದ ಒಬ್ಬ ಪ್ರಯಾಣಿಕ. ಅವನ ಜನಾಂಗದ ಯಾಜಕನೇ ನೋಡಿಕೊಂಡು ಪಕ್ಕದಲ್ಲಿ ಹೋಗಿಬಿಡ್ತಾನೆ. ನಿಲ್ಲೋನು ಒಬ್ಬ ಸಮಾರ್ಯದವನು. ಯಹೂದಿಗಳಿಗೂ ಸಮಾರ್ಯದವರಿಗೂ ಆಗ ಮಾತುಕತೆಯೇ ಇರಲಿಲ್ಲ, ತಲೆತಲಾಂತರದ ದ್ವೇಷ. ಆ ಮನುಷ್ಯ ಗಾಯಕ್ಕೆ ಎಣ್ಣೆ ಹಚ್ಚಿ ಬಟ್ಟೆ ಕಟ್ತಾನೆ, ತನ್ನ ವಾಹನದ ಪ್ರಾಣಿಯ ಮೇಲೆ ಕೂರಿಸ್ತಾನೆ, ಛತ್ರಕ್ಕೆ ಕರ್ಕೊಂಡು ಹೋಗಿ ರಾತ್ರಿಯೆಲ್ಲ ನೋಡ್ಕೋತಾನೆ, ಎರಡು ಬೆಳ್ಳಿ ನಾಣ್ಯ ಕೊಡ್ತಾನೆ, ವಾಪಸ್ ಬರ್ತೀನಿ ಅಂತಾನೆ.

ಗಮನಿಸಿ, ಇಲ್ಲಿ ಅವನಿಗೆ ಆ ಗಾಯಾಳು ಇಷ್ಟ ಆದನಾ ಅನ್ನೋ ಪ್ರಶ್ನೆಯೇ ಇಲ್ಲ. ಪ್ರೀತಿ ಅಂದ್ರೆ ಮನಸ್ಸಿಗೆ ಹಿಡಿಸೋದು ಅಲ್ಲ, ಹಿಡಿಸದೇ ಇರೋನಿಗೂ ಒಳ್ಳೇದನ್ನ ಬಯಸಿ ಮಾಡೋದು. ದುಡ್ಡೂ ಇದೆ ನೋಡಿ, ಆ ಎರಡು ನಾಣ್ಯ. ಆದರೆ ದುಡ್ಡು ಕೊನೆಗೆ ಬರುತ್ತೆ. ಮೊದಲು ಮುಟ್ಟೋದು, ಎತ್ತೋದು, ಜೊತೆಗೆ ಉಳಿಯೋದು.

ಕೆಲವು ಶತಮಾನಗಳಲ್ಲಿ ಇದು ಬರೀ ಉಪದೇಶವಾಗಿ ಉಳೀಲಿಲ್ಲ. 4ನೇ ಶತಮಾನದ ರೋಮನ್ ಚಕ್ರವರ್ತಿ ಜೂಲಿಯನ್ ಕ್ರೈಸ್ತ ಧರ್ಮ ಬಿಟ್ಟು ಹಳೆಯ ದೇವತೆಗಳ ಪೂಜೆಯನ್ನ ಮತ್ತೆ ಎತ್ತಿ ಹಿಡಿದವನು. ಅವನು ತನ್ನ ಕಡೆಯ ಒಬ್ಬ ಅರ್ಚಕನಿಗೆ ಬರೆದ ಪತ್ರದಲ್ಲಿ ಒಂದು ದೂರು ಇದೆ. ಈ ಕ್ರೈಸ್ತರು ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕ್ತಿದ್ದಾರೆ, ನಮ್ಮವರು ಏನೂ ಮಾಡ್ತಿಲ್ಲ, ಇದು ನಾಚಿಕೆಗೇಡು ಅಂತ. ವಿರೋಧಿಯೇ ಕೊಟ್ಟ ಸಾಕ್ಷಿ ಇದು. ಅದೇ ಶತಮಾನದಲ್ಲಿ, ಈಗಿನ ಟರ್ಕಿಯಲ್ಲಿರೋ ಕೈಸರೇಯದಲ್ಲಿ ಬಿಷಪ್ ಬೆಸಿಲ್ ಬಡವರಿಗೆ, ರೋಗಿಗಳಿಗೆ, ಕುಷ್ಠರೋಗಿಗಳಿಗೆ ಅಂತಲೇ ದೊಡ್ಡ ಆಶ್ರಯಧಾಮ ಕಟ್ಟಿಸಿದ.

ಈಗ ಪದ ಪ್ರಯಾಣ ಶುರು ಮಾಡುತ್ತೆ. ಪಶ್ಚಿಮ ಯೂರೋಪಿನ ಚರ್ಚಿನ ಭಾಷೆ ಲ್ಯಾಟಿನ್. ಜೆರೋಮನ ಹೆಸರಿನ ಜೊತೆ ಸೇರಿಕೊಂಡಿರೋ ಲ್ಯಾಟಿನ್ ಬೈಬಲಿನಲ್ಲಿ ಪೌಲನ ಅಗಾಪೆ ‘ಕಾರಿತಾಸ್’ ಆಯ್ತು. ‘ಕಾರುಸ್’ ಅಂದ್ರೆ ಪ್ರಿಯವಾದದ್ದು, ಬೆಲೆಬಾಳೋದು. ಎದುರಿಗಿರೋನನ್ನ ಬೆಲೆಯುಳ್ಳವನು ಅಂತ ಕಾಣೋದೇ ಕಾರಿತಾಸ್. ಒಳ್ಳೆ ಪದ. ಅದೇ ಇಂಗ್ಲಿಷಿಗೆ ಬಂದು ‘ಚಾರಿಟಿ’ ಆಯ್ತು. 14ನೇ ಶತಮಾನದಲ್ಲಿ ವಿಕ್ಲಿಫ್‌ನ ಬಳಗದವರು ಲ್ಯಾಟಿನ್ ಬೈಬಲನ್ನ ಇಂಗ್ಲಿಷಿಗೆ ತಂದಾಗ ಈ ಭಾಗದಲ್ಲಿ ಚಾರಿಟಿ ಅಂತಲೇ ಬಳಸಿದ್ರು.

ಆದರೆ ಪದಗಳು ಸವೀತವೆ. ನಮ್ಮದೇ ಉದಾಹರಣೆ ತಗೊಳ್ಳಿ. ‘ಧರ್ಮ’ ಎಷ್ಟು ದೊಡ್ಡ ಪದ! ಆದರೆ ಬೀದಿಯಲ್ಲಿ ‘ಧರ್ಮ ಮಾಡಿ ತಾಯಿ’ ಅಂದಾಗ ಅದರ ಅರ್ಥ ಎರಡು ಕಾಸು. ‘ಧರ್ಮಕ್ಕೆ ಸಿಕ್ತು’ ಅಂದ್ರೆ ಪುಕ್ಕಟೆ ಸಿಕ್ತು. ‘ಧರ್ಮದೇಟು’ ಅಂದ್ರಂತೂ ಹೇಳೋದೇ ಬೇಡ. ಇಂಗ್ಲೆಂಡಿನಲ್ಲಿ ಚಾರಿಟಿಗೂ ಹೀಗೇ ಆಯ್ತು. ಶ್ರೀಮಂತರು ಉಯಿಲಿನಲ್ಲಿ ದುಡ್ಡು ಬರೆದಿಡೋರು, ಅಂತ್ಯಕ್ರಿಯೆ ದಿನ ಬಡವರಿಗೆ ಹಂಚಿ, ನನ್ನ ಆತ್ಮಕ್ಕಾಗಿ ಪ್ರಾರ್ಥಿಸಲಿ ಅಂತ. ಬಡವರಿಗೆ ಕಾಸು, ಸತ್ತವನಿಗೆ ಪುಣ್ಯ. ಅದಕ್ಕೂ ಜನ ಚಾರಿಟಿ ಅನ್ನೋರು.

ಇಲ್ಲಿಗೆ ಬರ್ತಾನೆ ವಿಲಿಯಂ ಟಿಂಡೇಲ್. ಆಕ್ಸ್‌ಫರ್ಡಿನಲ್ಲಿ ಓದಿದ ಪಾದ್ರಿ, ಭಾಷೆಗಳಲ್ಲಿ ಪಂಟ. 1516ರಲ್ಲಿ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನ ಅಚ್ಚು ಹಾಕಿಸಿದ್ದ. ಲ್ಯಾಟಿನ್ ದಾಟಿ ಮೂಲಕ್ಕೇ ಹೋಗೋ ದಾರಿ ತೆರೆದಿತ್ತು. ಗ್ರೀಕಿನಿಂದ ನೇರವಾಗಿ, ನೇಗಿಲು ಹಿಡಿಯೋ ಹುಡುಗನಿಗೂ ಅರ್ಥ ಆಗೋ ಇಂಗ್ಲಿಷಿಗೆ ಬೈಬಲ್ ತರಬೇಕು ಅನ್ನೋದು ಟಿಂಡೇಲನ ಹಟ. ಆದರೆ ಇಂಗ್ಲೆಂಡಿನಲ್ಲಿ 15ನೇ ಶತಮಾನದ ಆರಂಭದಿಂದಲೂ ಬಿಷಪ್ ಒಪ್ಪಿಗೆ ಇಲ್ಲದೆ ಬೈಬಲನ್ನ ಇಂಗ್ಲಿಷಿಗೆ ಅನುವಾದ ಮಾಡೋದು ನಿಷಿದ್ಧ. ಧರ್ಮವಿರೋಧಿ ಅಂತ ತೀರ್ಮಾನ ಆದ್ರೆ ಸುಟ್ಟು ಕೊಲ್ಲೋ ಕಾನೂನು 1401ರಿಂದಲೇ ಇತ್ತು. ಟಿಂಡೇಲ್ ಲಂಡನ್ನಿನ ಬಿಷಪ್ ಟನ್‌ಸ್ಟಾಲನ ಆಶ್ರಯ ಕೇಳಿದ, ಸಿಗಲಿಲ್ಲ. 1524ರಲ್ಲಿ ದೇಶ ಬಿಟ್ಟ.

1526ರಲ್ಲಿ ಜರ್ಮನಿಯ ವೋರ್ಮ್ಸ್ ಪಟ್ಟಣದಲ್ಲಿ ಅವನ ಹೊಸ ಒಡಂಬಡಿಕೆ ಅಚ್ಚಾಯ್ತು. ಕೈಯಲ್ಲಿ ಹಿಡಿಯೋ ಅಷ್ಟು ಚಿಕ್ಕ ಪುಸ್ತಕ. ವ್ಯಾಪಾರಿಗಳು ಬಟ್ಟೆ ಮೂಟೆಗಳಲ್ಲಿ ಅಡಗಿಸಿ ಇಂಗ್ಲೆಂಡಿಗೆ ಸಾಗಿಸಿದ್ರು. ಬಿಷಪ್ ಟನ್‌ಸ್ಟಾಲ್ ಸಿಕ್ಕ ಪ್ರತಿಗಳನ್ನ ಲಂಡನ್ನಿನಲ್ಲಿ ಬಹಿರಂಗವಾಗಿ ಸುಡಿಸಿದ. ಆ ಮೊದಲ ಮುದ್ರಣದ ಪ್ರತಿಗಳಲ್ಲಿ ಇವತ್ತು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ.

ಆ ಪುಸ್ತಕದಲ್ಲಿ, ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಟಿಂಡೇಲ್ ಚಾರಿಟಿ ತೆಗೆದು ‘ಲವ್’ ಹಾಕಿದ್ದ.

ಇಷ್ಟಕ್ಕೇ ಗಲಾಟೆನಾ ಅಂತ ನಿಮಗೆ ಅನ್ನಿಸಬಹುದು. ಹೌದು, ಇಷ್ಟಕ್ಕೇ. ಸರ್ ಥಾಮಸ್ ಮೋರ್ ಆ ಕಾಲದ ಇಂಗ್ಲೆಂಡಿನ ದೊಡ್ಡ ವಿದ್ವಾಂಸ, ವಕೀಲ, ‘ಯುಟೋಪಿಯ’ ಬರೆದವನು, ಮುಂದೆ ರಾಜ 8ನೇ ಹೆನ್ರಿಯ ಲಾರ್ಡ್ ಚಾನ್ಸಲರ್ ಆದವನು. 1529ರಲ್ಲಿ ಅವನು ಟಿಂಡೇಲನ ವಿರುದ್ಧ ಪುಸ್ತಕ ಬರೆದ. ಅನುವಾದದಲ್ಲಿ ಮುಖ್ಯವಾಗಿ 3 ಪದ ಕೆಡಿಸಿದ್ದಾನೆ ಅಂದ. ಪ್ರೀಸ್ಟ್ ಅನ್ನಬೇಕಾದಲ್ಲಿ ಹಿರಿಯ ಅನ್ನೋ ಅರ್ಥದ ಪದ, ಚರ್ಚ್ ಅನ್ನಬೇಕಾದಲ್ಲಿ ಸಭೆ ಅನ್ನೋ ಅರ್ಥದ ಪದ, ಚಾರಿಟಿ ಅನ್ನಬೇಕಾದಲ್ಲಿ ಲವ್.

ಮೋರ್ ವಾದ ತಳ್ಳಿಹಾಕೋ ಹಾಗಿಲ್ಲ. ಎಲ್ಲ ಲವ್ವೂ ಚಾರಿಟಿ ಅಲ್ಲ ಅಂತಾನೆ ಅವನು. ಹುಡುಗ-ಹುಡುಗಿ ನಡುವೆ ಇರೋದೂ ಲವ್ವೇ. ಚಾರಿಟಿ ಅಂದ್ರೆ ಒಳ್ಳೆಯ, ದೇವರಿಗೆ ಮೆಚ್ಚುಗೆಯಾದ ಪ್ರೀತಿ ಮಾತ್ರ. ಅಂಥ ಸ್ಪಷ್ಟ ಪದ ಕೈಯಲ್ಲಿರುವಾಗ ಎಲ್ಲದಕ್ಕೂ ಬಳಸೋ ಪದ ಯಾಕೆ? ಅವನ ಸಂಶಯ ಇನ್ನೂ ಆಳದ್ದು. ಮನುಷ್ಯ ಉಳಿಯೋದು ನಂಬಿಕೆಯಿಂದ, ಸತ್ಕಾರ್ಯಗಳಿಂದಲ್ಲ ಅಂತ ಲೂಥರ್ ಹೇಳ್ತಿದ್ದ ಕಾಲ ಅದು. ಚಾರಿಟಿ ಅನ್ನೋ ಪದವನ್ನೇ ಮರೆಸಿಬಿಟ್ರೆ ಜನ ಒಳ್ಳೆ ಕೆಲಸ ಮಾಡೋದನ್ನೇ ಬಿಡ್ತಾರೆ, ಇದು ಲೂಥರನ ಕುತಂತ್ರ ಅನ್ನೋದು ಮೋರನ ಆರೋಪ.

1531ರಲ್ಲಿ ಟಿಂಡೇಲ್ ಉತ್ತರ ಕೊಟ್ಟ. ಮೊದಲನೇದು, ಇವತ್ತಿನ ಇಂಗ್ಲಿಷಿನಲ್ಲಿ ಚಾರಿಟಿ ಅಂದ್ರೆ ಜನರಿಗೆ ಹೊಳೆಯೋದು ಭಿಕ್ಷೆ ಕೊಡೋದು, ಇಲ್ಲವೇ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳೋದು. ಪೌಲ ಹೇಳಿದ್ದು ಅದಕ್ಕಿಂತ ದೊಡ್ಡದು. ಎರಡನೇದು, ಅಗಾಪೆಯಾಗಲಿ ಕಾರಿತಾಸ್ ಆಗಲಿ ಕ್ರಿಸ್ತನಿಗಿಂತ ಮೊದಲೇ ಬೇರೆ ಜನರ ಬಾಯಲ್ಲಿದ್ದ ಪದಗಳೇ, ಅವೂ ಎಲ್ಲ ಬಗೆಯ ಪ್ರೀತಿಗೆ ಬಳಕೆಯಾಗ್ತಿದ್ದವು. ಯಾವ ಪ್ರೀತಿ ಅನ್ನೋದನ್ನ ಸಂದರ್ಭ ಹೇಳುತ್ತೆ. ಮೂರನೇದು ನನಗೆ ತುಂಬಾ ಇಷ್ಟವಾದದ್ದು. ಚಾರಿಟಿಗೆ ಕ್ರಿಯಾಪದವೇ ಇಲ್ಲ! ದೇವರನ್ನ ಲವ್ ಮಾಡು, ನೆರೆಯವನನ್ನ ಲವ್ ಮಾಡು ಅನ್ನಬಹುದು. ದೇವರನ್ನ ಚಾರಿಟಿ ಮಾಡು ಅಂತ ಯಾರು ಹೇಳ್ತಾರೆ?

ಕನ್ನಡದಲ್ಲಿ ಹೇಳಿ ನೋಡಿ, ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ‘ಪ್ರೀತಿಸು’ ಅನ್ನೋದಕ್ಕೆ ಮೇಲೆ-ಕೆಳಗೆ ಇಲ್ಲ. ಅಮ್ಮನನ್ನ ಪ್ರೀತಿಸಬಹುದು, ಮಗುವನ್ನ ಪ್ರೀತಿಸಬಹುದು, ಗೆಳೆಯನನ್ನ, ದೇವರನ್ನ, ಶತ್ರುವನ್ನೂ ಪ್ರೀತಿಸಬಹುದು, ಅವರೂ ತಿರುಗಿ ಪ್ರೀತಿಸಬಹುದು. ‘ದಾನ ಕೊಡು’ ಅಂದ ಕೂಡಲೇ ಒಬ್ಬನ ಕೈ ಮೇಲೆ, ಒಬ್ಬನ ಕೈ ಕೆಳಗೆ. ದೇವರಿಗೆ ದಾನ ಕೊಡೋಕಾಗಲ್ಲ, ಅಮ್ಮನಿಗೆ ದಾನ ಕೊಟ್ಟೆ ಅಂದ್ರೆ ಅಮ್ಮ ಸುಮ್ಮನಿರಲ್ಲ. ಟಿಂಡೇಲ್ ಹಿಡಿದದ್ದು ಈ ವ್ಯತ್ಯಾಸವನ್ನೇ. ಕ್ರೈಸ್ತ ನಂಬಿಕೆಯ ಕೇಂದ್ರದಲ್ಲಿರೋ ಪದ ಕೈ ಎತ್ತಿ ಕೊಡೋದರ ಹೆಸರಾ, ಇಲ್ಲ ಇಬ್ಬರ ನಡುವಿನ ಸಂಬಂಧದ ಹೆಸರಾ?

ಅಂದ್ರೆ ಟಿಂಡೇಲ್ ದಾನದ ವಿರೋಧಿನಾ? ಅಲ್ಲವೇ ಅಲ್ಲ. ಅವನು ಕೊನೆಯ ವರ್ಷಗಳಲ್ಲಿ ಆಂಟ್‌ವರ್ಪ್ ನಗರದಲ್ಲಿ ಇಂಗ್ಲಿಷ್ ವ್ಯಾಪಾರಿಯೊಬ್ಬರ ಮನೆಯಲ್ಲಿ ಇದ್ದ. ಆಮೇಲೆ ಅವನ ಚರಿತ್ರೆ ಬರೆದ ಜಾನ್ ಫಾಕ್ಸ್ ಪ್ರಕಾರ, ವಾರದಲ್ಲಿ ಎರಡು ದಿನ ಅನುವಾದದ ಕೆಲಸ ಬದಿಗಿಟ್ಟು ಹೊರಗೆ ಹೋಗ್ತಿದ್ದ. ಒಂದು ದಿನ ಇಂಗ್ಲೆಂಡಿನಿಂದ ಓಡಿಬಂದು ಕಷ್ಟದಲ್ಲಿದ್ದವರನ್ನ ಹುಡುಕಿಕೊಂಡು ಹೋಗೋದು. ಇನ್ನೊಂದು ದಿನ ಊರಿನ ಮೂಲೆಮೂಲೆ ಸುತ್ತಿ ಮುದುಕರು, ರೋಗಿಗಳು, ಮಕ್ಕಳೊಂದಿಗರು ಎಲ್ಲಿದ್ದಾರೆ ನೋಡಿ ಸಹಾಯ ಮಾಡೋದು. ಚಾರಿಟಿ ಪದ ತೆಗೆದವನು ಚಾರಿಟಿ ಬಿಟ್ಟಿರಲಿಲ್ಲ. ಸಮಾರ್ಯದವನ ಹಾಗೆ, ನಡೆದುಕೊಂಡು ಹೋಗಿ ನೋಡೋದು ಮೊದಲು, ನಾಣ್ಯ ಆಮೇಲೆ.

ಅಲ್ಲಿಗೆ ಹೆನ್ರಿ ಫಿಲಿಪ್ಸ್ ಅನ್ನೋ ಇಂಗ್ಲಿಷ್ ಯುವಕ ಬಂದ. ಸ್ನೇಹ ಬೆಳೆಸಿದ. 1535ರಲ್ಲಿ ಒಂದು ದಿನ ಪರ್ಸ್ ಕಳೆದೋಯ್ತು ಅಂತ ಟಿಂಡೇಲನ ಹತ್ತಿರವೇ 40 ಶಿಲಿಂಗ್ ಸಾಲ ತಗೊಂಡ, ಊಟಕ್ಕೆ ಅಂತ ಇಬ್ಬರೂ ಹೊರಗೆ ಹೊರಟಾಗ ಬಾಗಿಲಲ್ಲಿ ಕಾಯ್ತಿದ್ದ ಅಧಿಕಾರಿಗಳಿಗೆ ಹಿಡಿದುಕೊಟ್ಟ. ಇದನ್ನೂ ಫಾಕ್ಸ್ ಬರೆದಿದ್ದಾನೆ. ಟಿಂಡೇಲ್ ವಿಲ್ವೋರ್ಡ್ ಕೋಟೆಯಲ್ಲಿ ಸೆರೆಯಾದ. ಅಲ್ಲಿಂದ ಲ್ಯಾಟಿನಿನಲ್ಲಿ ಬರೆದ ಒಂದು ಪತ್ರ ಉಳಿದಿದೆ. ಚಳಿಗೆ ಒಂದು ಬೆಚ್ಚನೆಯ ಟೋಪಿ, ಒಂದು ಕೋಟು, ಕತ್ತಲಲ್ಲಿ ಕೂರೋದು ಬೇಜಾರು ಅಂತ ಸಂಜೆಗೆ ಒಂದು ದೀಪ, ಎಲ್ಲಕ್ಕಿಂತ ಮುಖ್ಯವಾಗಿ ಹೀಬ್ರೂ ಬೈಬಲ್, ವ್ಯಾಕರಣ, ನಿಘಂಟು. ಇಂಥವನ್ನ ಅವನು ಕೇಳಿದ್ದ.

ಇತ್ತ ಇಂಗ್ಲೆಂಡಿನಲ್ಲಿ ಏನಾಯ್ತು ಗೊತ್ತಾ? ರಾಜನೇ ಚರ್ಚಿನ ಮುಖ್ಯಸ್ಥ ಅನ್ನೋದನ್ನ ಒಪ್ಪಲಿಲ್ಲ ಅಂತ 1535ರ ಜುಲೈನಲ್ಲಿ ಥಾಮಸ್ ಮೋರ್ ತಲೆ ಕಡಿಸಿದ್ರು. ಟಿಂಡೇಲ್ ಆಗ ಜೈಲಿನಲ್ಲಿದ್ದ. 1536ರ ಅಕ್ಟೋಬರಿನಲ್ಲಿ ಟಿಂಡೇಲನ ಕತ್ತು ಬಿಗಿದು ಕೊಂದು, ದೇಹವನ್ನ ಸುಟ್ರು.

ಇಲ್ಲಿ ಸ್ವಲ್ಪ ನಿಲ್ಲೋಣ. ಪ್ರೀತಿಗೆ ಯಾವ ಪದ ಸರಿ ಅಂತ ಜಗಳ ಆಡಿದ ಈ ಇಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸಲಿಲ್ಲ. ಮೋರ್ ಟಿಂಡೇಲನಿಗೆ ಕೊಟ್ಟ ಉತ್ತರ ಸುಮಾರು 5 ಲಕ್ಷ ಪದಗಳಷ್ಟು ಉದ್ದ, ಅದರ ತುಂಬಾ ಬೈಗುಳ. ಟಿಂಡೇಲನ ಲೇಖನಿಯೂ ಕಡಿಮೆ ಹರಿತ ಇರಲಿಲ್ಲ. ಮೋರ್ ಚಾನ್ಸಲರ್ ಆಗಿದ್ದ ಕಾಲದಲ್ಲಿ ಧರ್ಮವಿರೋಧಿಗಳು ಅಂತ 6 ಜನರನ್ನ ಸುಡಲಾಯ್ತು, ಅವನು ಅದನ್ನ ಸಮರ್ಥಿಸಿಕೊಂಡ. ಶತ್ರುವನ್ನೂ ಪ್ರೀತಿಸು ಅನ್ನೋ ಬೋಧನೆಯ ಮೇಲೆ ನಿಂತ ಧರ್ಮ, ಆ ಬೋಧನೆಯ ಪದಕ್ಕಾಗಿ ಮನುಷ್ಯರನ್ನ ಬೆಂಕಿಗೆ ಹಾಕಿತ್ತು. ಇದನ್ನ ಮುಚ್ಚಿಟ್ಟು ಕ್ರೈಸ್ತ ಪ್ರೀತಿಯ ಚರಿತ್ರೆ ಹೇಳಿದ್ರೆ ಅದು ಚರಿತ್ರೆ ಆಗಲ್ಲ. ಫಾಕ್ಸ್ ಹೇಳೋ ಪ್ರಕಾರ ಟಿಂಡೇಲನ ಕೊನೆಯ ಪ್ರಾರ್ಥನೆ ಇಂಗ್ಲೆಂಡಿನ ರಾಜನ ಕಣ್ಣು ತೆರೆಯಲಿ ಅನ್ನೋದು. ಅವನ ಪುಸ್ತಕ ಸುಟ್ಟ ದೇಶದ ರಾಜನಿಗಾಗಿ ಆ ಪ್ರಾರ್ಥನೆ.

ಮೂರೇ ವರ್ಷಕ್ಕೆ, 1539ರಲ್ಲಿ, ಅದೇ ರಾಜನ ಒಪ್ಪಿಗೆಯೊಂದಿಗೆ ಚರ್ಚುಗಳಿಗಾಗಿ ಇಂಗ್ಲಿಷ್ ಬೈಬಲ್ ಅಚ್ಚಾಯ್ತು. ಅದರ ಹೊಸ ಒಡಂಬಡಿಕೆಯ ಬಹುಪಾಲು ಟಿಂಡೇಲನದ್ದೇ ಮಾತುಗಳು.

ಆದರೆ ಪದದ ಜಗಳ ಮುಗೀಲಿಲ್ಲ. 1601ರಲ್ಲಿ ಇಂಗ್ಲೆಂಡಿನ ಸಂಸತ್ತು ಚಾರಿಟಿಗೆ ಅಂತ ಕೊಟ್ಟ ಆಸ್ತಿಗಳ ಬಗ್ಗೆ ಒಂದು ಕಾನೂನು ಮಾಡಿತು. ಯಾವುದೆಲ್ಲ ಚಾರಿಟಿ ಅನ್ನೋ ಪಟ್ಟಿ ಅದರಲ್ಲಿದೆ. ವೃದ್ಧರಿಗೆ, ಬಡವರಿಗೆ ನೆರವು, ಶಾಲೆಗಳು, ಬಡ ಹೆಣ್ಣುಮಕ್ಕಳ ಮದುವೆ, ಜೊತೆಗೆ ಸೇತುವೆ, ರಸ್ತೆ, ಬಂದರುಗಳ ರಿಪೇರಿ. ಎಲ್ಲವೂ ಒಳ್ಳೆ ಕೆಲಸಗಳೇ. ಆದರೆ ಪೌಲನ ಅಗಾಪೆ ಈಗ ಸೇತುವೆ ರಿಪೇರಿವರೆಗೆ ಬಂದಿತ್ತು. ಹತ್ತು ವರ್ಷದ ನಂತರ 1611ರಲ್ಲಿ ಬಂದ ಕಿಂಗ್ ಜೇಮ್ಸ್ ಬೈಬಲ್, ಟಿಂಡೇಲನಿಂದ ಅಷ್ಟೊಂದು ಎರವಲು ಪಡೆದರೂ, ಈ ಭಾಗದಲ್ಲಿ ಲವ್ ಬದಲು ಚಾರಿಟಿಯನ್ನೇ ಇಟ್ಟಿತು. ಬೇರೆ ಎಷ್ಟೋ ಕಡೆ ಅದೇ ಗ್ರೀಕ್ ಪದಕ್ಕೆ ಲವ್ ಅಂತಲೇ ಇಟ್ಟಿತ್ತು.

ಈಗ ನೆನಪಿಟ್ಟುಕೊಳ್ಳಿ ಅಂದಿದ್ದ ಪೌಲನ ಮಾತಿಗೆ ಬನ್ನಿ. ಆಸ್ತಿಯೆಲ್ಲ ಬಡವರಿಗೆ ಕೊಟ್ಟರೂ ಚಾರಿಟಿ ಇಲ್ಲದಿದ್ದರೆ ಪ್ರಯೋಜನವಿಲ್ಲ! ಇವತ್ತಿನ ಕಿವಿಗೆ ಇದು ಅಸಂಬದ್ಧ. ಎಲ್ಲ ಕೊಟ್ಟಮೇಲೆ ಇನ್ಯಾವ ಚಾರಿಟಿ? ಪದ ಎಷ್ಟು ಸವೆದಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕೊನೆಗೆ 1881ರ ಪರಿಷ್ಕೃತ ಇಂಗ್ಲಿಷ್ ಹೊಸ ಒಡಂಬಡಿಕೆ ಅಲ್ಲಿ ಲವ್ ಅನ್ನೋ ಪದವನ್ನ ವಾಪಸ್ ತಂತು. ಟಿಂಡೇಲ್ ಸತ್ತು 345 ವರ್ಷ ಆಗಿತ್ತು.

ನಮ್ಮ ನಾಡಿನಲ್ಲಿ ಬೈಬಲನ್ನ ಕನ್ನಡಕ್ಕೆ ತರೋ ದೊಡ್ಡ ಪ್ರಯತ್ನ ಶುರುವಾದದ್ದು 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅವರಿಂದ. ಆಗ ಇಂಗ್ಲಿಷರ ಚರ್ಚುಗಳಲ್ಲಿ ಓದ್ತಾ ಇದ್ದದ್ದು ಚಾರಿಟಿ ಅನ್ನೋ ಬೈಬಲನ್ನೇ. ಇವತ್ತು ಕನ್ನಡ ಬೈಬಲ್ ಆ್ಯಪ್ ತೆರೆದು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯ ನೋಡಿ. ಅಲ್ಲಿರೋದು ದಾನ ಅಲ್ಲ, ಧರ್ಮ ಅಲ್ಲ. ಪ್ರೀತಿ.

ಹಾಗಾದ್ರೆ ಗೆದ್ದವನು ಟಿಂಡೇಲ್ ಅನ್ನೋಣವಾ? ಪದದ ಮಟ್ಟಿಗೆ ಹೌದು. ಆದರೆ ಮೋರ್ ಭಯವೂ ಸುಳ್ಳಾಗಿಲ್ಲ. ಲವ್ ಅನ್ನೋ ಪದಕ್ಕೆ ಈಗ ಏನೇನು ಅರ್ಥ ಇದೆ ಅಂತ ನಿಮ್ಮ ಫೋನ್ ನೋಡಿದ್ರೆ ಗೊತ್ತಾಗುತ್ತೆ, ಒಂದು ಫೋಟೋಗೆ ಹಾರ್ಟ್ ಒತ್ತಿದ್ರೂ ಅದು ಲವ್ವೇ. ಚಾರಿಟಿ ಭಿಕ್ಷೆಯ ಮಟ್ಟಕ್ಕೆ ಇಳೀತು, ಲವ್ ಲೈಕ್ ಮಟ್ಟಕ್ಕೆ ಇಳೀತು. ಯಾವ ಪದ ಇಟ್ಟರೂ ಅದನ್ನ ಅಗ್ಗ ಮಾಡೋದು ನಮಗೆ ಗೊತ್ತು. ಅದಕ್ಕೇ ಏನೋ, ಪೌಲ ತನ್ನ ಪತ್ರದಲ್ಲಿ ಪ್ರೀತಿ ಅಂದ್ರೆ ಇದು ಅಂತ ವ್ಯಾಖ್ಯಾನ ಕೊಟ್ಟು ಸುಮ್ಮನಾಗಲಿಲ್ಲ. ಪ್ರೀತಿ ಏನು ಮಾಡುತ್ತೆ, ಏನು ಮಾಡಲ್ಲ ಅನ್ನೋದನ್ನ ಪಟ್ಟಿ ಮಾಡಿದ. ಗ್ರೀಕಿನಲ್ಲಿ ಆ ಪಟ್ಟಿ ಪೂರ್ತಿ ಕ್ರಿಯಾಪದಗಳೇ.

ಮುಂದಿನ ಸಲ ಮದುವೆಯಲ್ಲಿ ಆ ಭಾಗ ಓದಿದಾಗ, ಅದು ಮೊದಲು ಯಾರಿಗೆ ಬರೆದದ್ದು ಅಂತ ನೆನಪಿಸಿಕೊಳ್ಳಿ. ಒಂದೇ ಪಂಕ್ತಿಯಲ್ಲಿ ಕೂತೂ ಪಕ್ಕದವನ ಹಸಿವು ಕಾಣದೇ ಹೋದವರಿಗೆ.

ನಿಮ್ಮ ಮನೆಮಾತಿನಲ್ಲಿ ಪ್ರೀತಿಗೆ ಏನಂತಾರೆ ಅಂತ ನಮಗೆ ಬರೆದು ತಿಳಿಸಿ.